ಇಂಜಿನ್ ಹೇಗೂ ಇಳಿಸಿ ಆಗಿದೆ, ಜೊತೆಗೆ ಇನ್ನೇನು ಮಾಡಿಸಬೇಕು?

ಪ್ರಶ್ನೆ: ನಾನು ಕಾಸರಗೋಡು ಕಡೆಯ ಪೆರ್ಲದ ಹತ್ತಿರದ ಅಡಿಕೆ ಕೃಷಿಕ. 2012ನೇ ಮಾಡೆಲಿನ 2.5 ಲೀಟರ್ ಟರ್ಬೊ ಡೀಸೆಲ್ ಪಿಕಪ್ ಇದೆ. ಆರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಅದಕ್ಕೂ ಮೊದಲು ಮಂಜೇಶ್ವರದ ಕಡೆ ಮೀನು ಸಾಗಿಸುತ್ತಿತ್ತಂತೆ. ಮೀಟರಿನಲ್ಲಿ 3 ಲಕ್ಷದ 40 ಸಾವಿರ ಕಿಲೋಮೀಟರ್ ಆಗಿದೆ. 500 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬರುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಮಾರ್ಚ್‌ನಲ್ಲಿ ಎರಡು ಸಲ ಬಿಸಿಯಾಗಿ ದಾರಿಯಲ್ಲೇ ನಿಂತಿತು. ಈಗ ಮೆಕ್ಯಾನಿಕ್ ಇಂಜಿನ್ ಇಳಿಸಿ ಬಿಚ್ಚಿದ್ದಾರೆ. ಬೋರ್ ಮಾಡಿಸಬೇಕು (ಸಿಲಿಂಡರಿನ ಸವೆದ ಒಳಗೋಡೆ ಕೊರೆಸಿ ಹೊಸ ಪಿಸ್ಟನ್ ಹಾಕಬೇಕು), 95 ಸಾವಿರ ಆಗುತ್ತದೆ ಎಂದರು. ಒಪ್ಪಿದೆ. ಆಮೇಲೆ ಇನ್ನೊಂದು ಪಟ್ಟಿ ಕೊಟ್ಟರು: ಕ್ಲಚ್ ಸೆಟ್, ರೇಡಿಯೇಟರ್, ವಾಟರ್ ಪಂಪ್, ಎಲ್ಲ ಹೋಸ್, ಮೌಂಟಿಂಗ್, ಟರ್ಬೊ, ನಾಜಲ್, ಸೆಲ್ಫ್, ಆಲ್ಟರ್ನೇಟರ್, ಚಾಸಿಗೆ ಪೇಂಟ್. ಎಲ್ಲ ಸೇರಿ 1 ಲಕ್ಷದ 60 ಸಾವಿರ. ಕ್ಲಚ್ ಸರಿಯಾಗಿಯೇ ಇತ್ತು. ಇದು ಸುಮ್ನೆ ದುಡ್ಡು ಎಳೆಯುವ ಉಪಾಯವೇ? ನನ್ನ ಬಾವ, ರಿಂಗ್ ಮಾತ್ರ ಹಾಕಿಸು, ಥರ್ಮೋಸ್ಟಾಟ್ ತೆಗೆದು ಬಿಸಾಡು, ಬಿಸಿಯಾಗುವುದು ನಿಲ್ಲುತ್ತದೆ ಎನ್ನುತ್ತಾರೆ. ಗಾಡಿಯನ್ನು ಇನ್ನು ಐದು ವರ್ಷ ಓಡಿಸಬೇಕೆಂದಿದೆ.

ಉತ್ತರ: ಪಿಕಪ್‌ಗೇ ಪಿಕಪ್ ಇಲ್ಲ ಎಂದು ನಮ್ಮ ವರ್ಕ್‌ಶಾಪಿನ ಹುಡುಗರು ತಮಾಷೆ ಮಾಡುವುದುಂಟು. ನಿಮ್ಮಂಥ ಗಾಡಿ ತಿಂಗಳಿಗೆ ಒಂದಾದರೂ ನಮ್ಮಲ್ಲಿಗೆ ಬರುತ್ತದೆ. ಅದರ ಯಜಮಾನರ ಮುಖದಲ್ಲಿ ಇದೇ ಸಂಶಯ ಇರುತ್ತದೆ: ಈ ಮೆಕ್ಯಾನಿಕ್ ನನ್ನನ್ನು ಸುಲಿಯುತ್ತಿದ್ದಾನಾ?

ಪಟ್ಟಿ ನೋಡಿದರೆ ನನಗೆ ಹಾಗೆ ಕಾಣುವುದಿಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕಾದದ್ದೇ. ಎರಡು ಮೂರು ಸಂಗತಿ ಪರೀಕ್ಷೆ ಮಾಡಿ ಆಮೇಲೆ ತೀರ್ಮಾನಿಸಬೇಕಾದವು. ಒಂದನ್ನು ನಾನಾದರೆ ಮುಂದಕ್ಕೆ ಹಾಕುತ್ತಿದ್ದೆ. ಪಟ್ಟಿಯಲ್ಲಿ ಇಲ್ಲದ ಎರಡು ಕೆಲಸ ನಾನೇ ಸೇರಿಸುತ್ತೇನೆ, ಬೇಸರ ಮಾಡಬೇಡಿ.

ಆದರೆ ಪಟ್ಟಿಗೆ ಮೊದಲು ಒಂದು ಪ್ರಶ್ನೆ ಇದೆ. ಈ ಇಂಜಿನ್ ಯಾಕೆ ಸತ್ತಿತು? 3 ಲಕ್ಷದ 40 ಸಾವಿರ ಓಡಿದೆ, ಸವೆದಿದೆ, ಅಷ್ಟೇ ಎನ್ನಬಹುದು. ಅದೊಂದೇ ಕಾರಣವಾದರೆ ಒಳ್ಳೆಯದು. ಬೇರೆ ಕಾರಣ ಇದ್ದು ಅದನ್ನು ಹಾಗೇ ಬಿಟ್ಟರೆ, 95 ಸಾವಿರದ ಹೊಸ ಪಿಸ್ಟನ್ ಕೂಡ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಇಂಜಿನ್ನಿನ ಮೈ, ಬೋರ್ ಮಾಡಿಸಲು ಲೇತಿಗೆ ಹೋಗುವ ಮೊದಲು ನೀವೇ ಒಮ್ಮೆ ವರ್ಕ್‌ಶಾಪಿಗೆ ಹೋಗಿ. ಹಳೆಯ ಪಿಸ್ಟನ್, ರಿಂಗ್, ಬೇರಿಂಗ್ ಯಾವುದನ್ನೂ ಗುಜರಿಗೆ ಹಾಕಬೇಡಿ ಎಂದು ಹೇಳಿ. ನಾಲ್ಕು ಪಿಸ್ಟನ್‌ಗಳನ್ನು ನಂಬರ್ ಪ್ರಕಾರ ಸಾಲಾಗಿ ಇಡಿಸಿ ನೋಡಿ.

ನಾಲ್ಕರಲ್ಲೂ ರಿಂಗ್ ಒಂದೇ ರೀತಿ ಸವೆದು ಅಂಚು ಬ್ಲೇಡಿನ ಹಾಗೆ ಚೂಪಾಗಿದ್ದರೆ, ಅದು ಹೆಚ್ಚಾಗಿ ಧೂಳಿನ ಕೆಲಸ. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹೋಸ್ ತೆಗೆಸಿ ಒಳಗೆ ಬೆರಳು ಆಡಿಸಿ. ಬೆರಳಿಗೆ ಕೆಂಪು ಹುಡಿ ಹತ್ತಿದರೆ ಕಳ್ಳ ಸಿಕ್ಕಿದ ಹಾಗೆ. ನಮ್ಮ ಊರಿನ ಮುರಕಲ್ಲಿನ ಧೂಳು, ಅದರ ಮೇಲೆ ಇಷ್ಟು ವರ್ಷದ ಹೆದ್ದಾರಿ ಕೆಲಸದ ಧೂಳು, ಇಂಜಿನ್ನಿಗೆ ಉಪ್ಪುಕಾಗದದ ಲೆಕ್ಕ. ಫಿಲ್ಟರ್ ಹೊಸದೇ ಇರುತ್ತದೆ, ಆದರೆ ಅದರ ನಂತರದ ರಬ್ಬರ್ ಹೋಸ್ ಅಡಿಭಾಗದಲ್ಲಿ ಬಿರುಕು ಬಿಟ್ಟಿರುತ್ತದೆ. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಆ ಒಂದು ಹೋಸ್, ಎರಡು ಕ್ಲಿಪ್ ಬದಲಿಸದೆ ಇಂಜಿನ್ ಕಟ್ಟಿದರೆ ಬೋರ್ ಮಾಡಿಸಿದ್ದು ನೀರಿನಲ್ಲಿ ಹೋಮ.

ಒಂದೇ ಸಿಲಿಂಡರ್ ಹಾಳಾಗಿ ಉಳಿದ ಮೂರು ಚೆನ್ನಾಗಿದ್ದರೆ ಆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಮೇಲೆ ಸಂಶಯ ಪಡಿ. ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕಿದರೆ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ಪಿಸ್ಟನ್ ತಲೆಯನ್ನು ಸುಡುತ್ತದೆ. ಪಿಸ್ಟನ್ನಿನ ಬದಿಯಲ್ಲಿ ಉದ್ದುದ್ದ ಗೀರು ಇದ್ದರೆ ಅದು ಬಿಸಿಯಾದ ಗುರುತು. ಮಾರ್ಚ್‌ನಲ್ಲಿ ಎರಡು ಸಲ ನಿಂತಿತು ಎಂದಿದ್ದೀರಿ. ನನ್ನ ಊಹೆ, ನಿಮ್ಮ ಗಾಡಿಯಲ್ಲಿ ಧೂಳು ಮತ್ತು ಬಿಸಿ ಎರಡೂ ಸೇರಿವೆ.

ಈಗ ಬಿಸಿಯ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಮ್ಮ ಕಡೆ ಜಾಸ್ತಿ ತಪ್ಪು ನಂಬಿಕೆ ಇರುವುದು ಇಲ್ಲೇ.

ಬಾವನವರು ಹೇಳಿದ ಥರ್ಮೋಸ್ಟಾಟ್ ಮಾತನ್ನು ನಾನು ಕಲಿಯುವ ಕಾಲದಿಂದ ಕೇಳುತ್ತಿದ್ದೇನೆ. ‘ಅದು ಚಳಿದೇಶಕ್ಕೆ ಇರುವುದು, ಕಾಸರಗೋಡಿಗೆ ಎಂತಕ್ಕೆ?’ ಎಂದು. ಥರ್ಮೋಸ್ಟಾಟ್ ಸುಮಾರು 80ರಿಂದ 85 ಡಿಗ್ರಿಗೆ ತೆರೆಯುವ ಬಾಗಿಲು. ಇಂಜಿನ್ ಬೇಗ ಬಿಸಿಯಾಗಿ ತನ್ನ ಹದಕ್ಕೆ ಬರಲಿ ಎಂದು ಅಲ್ಲಿಯವರೆಗೆ ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಅದನ್ನು ತೆಗೆದರೆ ಇಂಜಿನ್ ತಣ್ಣಗೇ ಓಡುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಆಯಿಲಿಗೆ ಸೇರುತ್ತದೆ, ಬೋರ್ ಬೇಗ ಸವೆಯುತ್ತದೆ. ಇನ್ನೊಂದು ತಮಾಷೆ ಇದೆ. ಅನೇಕ ಇಂಜಿನ್‌ಗಳಲ್ಲಿ ಅದೇ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದು ಇಲ್ಲದಿದ್ದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ವಾಪಸ್ ಇಂಜಿನ್ನಿಗೆ ಬರುತ್ತದೆ. ಬಿಸಿ ಕಡಿಮೆ ಮಾಡಲು ತೆಗೆದದ್ದು, ಲೋಡ್ ಹಾಕಿ ಏರು ಹತ್ತುವಾಗ ಬಿಸಿ ಜಾಸ್ತಿ ಮಾಡುತ್ತದೆ.

ಹಾಗಾದರೆ ಮಾರ್ಚ್‌ನಲ್ಲಿ ಬಿಸಿಯಾದದ್ದು ಯಾಕೆ? ರೇಡಿಯೇಟರಿಗೆ ಏನು ಹಾಕುತ್ತಿದ್ದಿರಿ? ಬೋರ್‌ವೆಲ್ ನೀರಾ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರಾ? ಸುರಂಗದ ನೀರು ಕುಡಿಯಲು ಅಮೃತ, ಒಪ್ಪುತ್ತೇನೆ. ಇಂಜಿನ್ನಿಗೆ ಅದೂ ಬರಿಯ ನೀರೇ. ಬರಿಯ ನೀರು ಬ್ಲಾಕಿನ ಒಳಗೆ ತುಕ್ಕು ಹಿಡಿಸುತ್ತದೆ. ಗಡಸು ನೀರಾದರೆ ಅನ್ನದ ಪಾತ್ರೆಗೆ ಬಿಳಿ ಪೊರೆ ಕಟ್ಟಿದ ಹಾಗೆ ಒಳಗೂ ಕಟ್ಟುತ್ತದೆ. ಆ ತುಕ್ಕಿನ ಕೆಸರು ರೇಡಿಯೇಟರಿನ ಸಪೂರ ಕೊಳವೆಗಳಲ್ಲಿ ಹೋಗಿ ಕೂರುತ್ತದೆ. ಕೂಲೆಂಟ್ ಎಂದರೆ ಹಿಮ ಕಟ್ಟದಿರಲು ಹಾಕುವ ದ್ರವ ಮಾತ್ರ ಅಲ್ಲ. ಅದರಲ್ಲಿ ತುಕ್ಕು ತಡೆಯುವ ಮದ್ದು ಇದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ಸಾಂದ್ರ ಕೂಲೆಂಟಿಗೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ ಹಾಕಿಸಿ. ರೆಡಿ ಮಿಕ್ಸ್ ಡಬ್ಬಿಯಾದರೆ ಮತ್ತೆ ನೀರು ಬೆರೆಸಬೇಡಿ.

ರೇಡಿಯೇಟರಿನ ಕ್ಯಾಪ್ ಕೂಡ ಹೊಸದು ಹಾಕಿಸಿ. ಇಡೀ ಕೆಲಸದಲ್ಲಿ ಅತಿ ಕಡಿಮೆ ಬೆಲೆಯ ಸಾಮಾನು ಬಹುಶಃ ಅದೇ. ಆದರೆ ಒಳಗೆ ಒತ್ತಡ ಹಿಡಿದಿಡುವುದು ಅದು. ಹೊರಗಿನ ಗಾಳಿಗಿಂತ ಒಂದು ಬಾರ್ ಜಾಸ್ತಿ ಒತ್ತಡ ಇದ್ದರೆ ನೀರು 100ರ ಬದಲು 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ಕ್ಯಾಪಿನ ರಬ್ಬರ್ ಸತ್ತಿದ್ದರೆ ಆ ಲಾಭ ಪೂರ್ತಿ ಹೋಯಿತು. ರೇಡಿಯೇಟರ್ ಹೊಸದು ಬೇಕೇ, ತೊಳೆಸಿದರೆ ಸಾಕೇ? ಟ್ಯಾಂಕ್ ಬಿಚ್ಚಿ ಕಡ್ಡಿ ಹಾಕಿ ತೆಗೆಯುವಂಥ ಹಳೆಯ ತಾಮ್ರದ ರೇಡಿಯೇಟರ್ ಆದರೆ ತೊಳೆಸಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯುಮಿನಿಯಂ ಆದರೆ, ಅದರ ರೆಕ್ಕೆಗಳು ಮೀನಿನ ಕಾಲದ ಉಪ್ಪುಗಾಳಿಗೆ ಹುಡಿಯಾಗಿ ಉದುರುತ್ತಿದ್ದರೆ, ಹೊಸದೇ ಹಾಕಿಸಿ. ವಾಟರ್ ಪಂಪ್, ಹೋಸ್, ಬೆಲ್ಟ್, ಥರ್ಮೋಸ್ಟಾಟ್, ಇವಕ್ಕೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಎಲ್ಲ ಹೊಸದು.

ನಾನು ಸೇರಿಸುವ ಮೊದಲನೆಯ ಕೆಲಸ ಇಲ್ಲೇ ಬರುತ್ತದೆ: ಕೋರ್ ಪ್ಲಗ್. ಬ್ಲಾಕಿನ ಬದಿಯಲ್ಲಿ, ಹಿಂಭಾಗದಲ್ಲಿ ಬಟ್ಟಲಿನಂಥ ಸಣ್ಣ ತಗಡಿನ ಬಿಲ್ಲೆಗಳಿರುತ್ತವೆ. ಅವು ಒಳಗಿನಿಂದ ತುಕ್ಕು ತಿಂದು ಒಂದು ದಿನ ಸೂಜಿಯಷ್ಟು ತೂತಾಗುತ್ತವೆ. ಹಿಂಭಾಗದ್ದು ತೂತಾದರೆ ಗೇರ್‌ಬಾಕ್ಸ್ ಇಳಿಸದೆ ಕೈ ಹೋಗುವುದಿಲ್ಲ. ಈಗ ಬ್ಲಾಕ್ ಬರಿಮೈಯಲ್ಲಿ ಮೇಜಿನ ಮೇಲೆ ಇದೆ. ಎಲ್ಲ ಬಿಲ್ಲೆ ತೆಗೆಸಿ, ಒಳಗಿನ ಕೆಸರು ತೊಳೆಸಿ, ಹೊಸದು ಹೊಡೆಸಿ. ಕೆಲವು ನೂರು ರೂಪಾಯಿಯ ಸಾಮಾನು ಅಷ್ಟೆ.

ಇನ್ನು ರಿಂಗ್ ಮಾತ್ರ ಹಾಕುವ ವಿಚಾರ. ಅದು ತಪ್ಪೇ ತಪ್ಪು ಎಂದು ಹೇಳಲಾರೆ. ಬೋರ್ ಅಳೆದು ನೋಡಿ ಸವೆತ ಮಿತಿಯ ಒಳಗಿದ್ದರೆ, ಹೋನಿಂಗ್ ಮಾಡಿ (ಗೋಡೆಯನ್ನು ಸ್ವಲ್ಪವೇ ಉಜ್ಜಿ) ರಿಂಗ್ ಹಾಕಿ ಒಂದೆರಡು ವರ್ಷ ತಳ್ಳಬಹುದು. ಗಾಡಿ ಮಾರುವವರು ಹಾಗೆ ಮಾಡುತ್ತಾರೆ. ಆದರೆ 500 ಕಿಲೋಮೀಟರಿಗೆ ಲೀಟರ್ ಕುಡಿಯುವ ಇಂಜಿನ್ನಿನ ಬೋರ್ ಗುಂಡಗೆ ಉಳಿದಿರುವುದು ಅಪರೂಪ. ಸಿಲಿಂಡರಿನ ಬಾಯಿಯ ಹತ್ತಿರ ಒಳಗೋಡೆಗೆ ಉಗುರು ತಾಗಿಸಿ ಮೇಲಕ್ಕೆ ಎಳೆಯಿರಿ. ಮೆಟ್ಟಿಲಿಗೆ ತಾಗಿದ ಹಾಗೆ ಉಗುರು ಸಿಕ್ಕಿಕೊಂಡರೆ ಅಷ್ಟು ಸವೆದಿದೆ ಎಂದು ಅರ್ಥ. ಹೊಸ ರಿಂಗ್ ಆ ಮೆಟ್ಟಿಲಿಗೆ ಬಡಿದು ಮುರಿಯಲೂಬಹುದು. ಮೊಟ್ಟೆಯಾಕಾರದ ಗೋಡೆಗೆ ಗುಂಡನೆಯ ರಿಂಗ್ ಕೂರುವುದಿಲ್ಲ, ಹೊಗೆ ನಾಲ್ಕು ತಿಂಗಳಲ್ಲಿ ವಾಪಸ್. ಐದು ವರ್ಷ ಓಡಿಸುವವರಿಗೆ ಬೋರೇ ಸರಿ. ಲೇತಿನಲ್ಲಿ ಹೊಸ ಪಿಸ್ಟನ್ ಕೈಗೆ ಕೊಟ್ಟು ಅದರ ಅಳತೆಗೆ ಬೋರ್ ಮಾಡಿಸಬೇಕು, ಬೋರ್ ಮಾಡಿ ಆಮೇಲೆ ಪಿಸ್ಟನ್ ಹುಡುಕುವುದಲ್ಲ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಅಳೆಸದೆ ಬರಿಯ ಹೊಸ ಬೇರಿಂಗ್ ಹಾಕಲು ಬಿಡಬೇಡಿ. ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್ ಎರಡು ಸಲ ಬಿಸಿ ತಿಂದಿದೆ, ಫೇಸಿಂಗಿಗೆ (ಅದರ ಮುಖ ಸಮತಟ್ಟು ಮಾಡಿಸುವುದಕ್ಕೆ) ಮೊದಲು ಒತ್ತಡ ಕೊಟ್ಟು ಬಿರುಕು ಇದೆಯೇ ಎಂದು ನೋಡಿಸಿ. ಬಿರುಕಿನ ಹೆಡ್ಡಿಗೆ ಫೇಸಿಂಗ್ ಮಾಡಿಸಿದ ದುಡ್ಡು ದಂಡ.

ಕ್ಲಚ್‌ಗೆ ಬರೋಣ. ಸರಿಯಾಗಿಯೇ ಇತ್ತಲ್ಲ, ಯಾಕೆ ಬದಲಿಸಬೇಕು ಎಂಬ ನಿಮ್ಮ ಪ್ರಶ್ನೆಗೆ ನನ್ನದೇ ಒಂದು ಪೆಟ್ಟಿನ ಕಥೆ ಹೇಳುತ್ತೇನೆ. ವರ್ಕ್‌ಶಾಪ್ ಶುರು ಮಾಡಿದ ಹೊಸತರಲ್ಲಿ ಒಬ್ಬರ ಜೀಪಿನ ಇಂಜಿನ್ ಕಟ್ಟಿದೆ. ಕ್ಲಚ್ ಪ್ಲೇಟ್ ಅರ್ಧ ಇತ್ತು, ರಿಲೀಸ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಶಬ್ದ ಇರಲಿಲ್ಲ. ಯಜಮಾನರಿಗೆ ಖರ್ಚು ಉಳಿಸೋಣ ಎಂದು ಹಳೆಯದನ್ನೇ ಕೂರಿಸಿದೆ. ಒಂದು ತಿಂಗಳಲ್ಲಿ ಬೇರಿಂಗ್ ಕಿರುಚಲು ಶುರುವಾಯಿತು. ಪುನಃ ಗೇರ್‌ಬಾಕ್ಸ್ ಇಳಿಸಿದೆ, ಕೂಲಿ ಕೇಳಲು ಬಾಯಿ ಬರಲಿಲ್ಲ. ಅವರು ಬೈಯಲಿಲ್ಲ, ಅದೇ ಹೆಚ್ಚು ನಾಚಿಕೆಯಾದದ್ದು.

ಆವತ್ತಿನಿಂದ ನನ್ನ ಲೆಕ್ಕ ಒಂದೇ. ಒಂದು ಸಾಮಾನು ಬದಲಿಸಲು ಪುನಃ ಇಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕೇ? ಹೌದಾದರೆ ಅದು ಅರ್ಧ ಆಯುಸ್ಸು ಉಳಿದಿದ್ದರೂ ಈಗಲೇ ಹೋಗಲಿ. ಇಂಜಿನ್ ಗಾಡಿಯಲ್ಲಿ ಇರುವಾಗಲೇ ಎರಡು ಬೋಲ್ಟ್ ಬಿಚ್ಚಿ ಬದಲಿಸಬಹುದಾದರೆ, ಹಾಳಾದಾಗ ನೋಡಿದರಾಯಿತು. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಪೈಲಟ್ ಬೇರಿಂಗ್, ಹಿಂದಿನ ಆಯಿಲ್ ಸೀಲ್, ಇವು ಮೊದಲನೆಯ ಗುಂಪು. ಗೇರ್‌ಬಾಕ್ಸಿನ ಮುಂದಿನ ಸೀಲನ್ನು ಎಲ್ಲರೂ ಮರೆಯುತ್ತಾರೆ. ಅದು ಸೋರಿದರೆ ಹೊಸ ಕ್ಲಚ್ ಪ್ಲೇಟಿಗೆ ಗೇರ್ ಆಯಿಲ್ ಅಭಿಷೇಕ. ಫ್ಲೈವೀಲಿನಲ್ಲಿ ನೀಲಿ ಕಲೆ, ಸಣ್ಣ ಬಿರುಕು ಇದ್ದರೆ ಅದಕ್ಕೂ ಫೇಸಿಂಗ್ ಬೇಕು. ಮೌಂಟಿಂಗ್ ಕೂಡ ಈಗಲೇ ಆಗಲಿ, ಹಳೆಯ ರಬ್ಬರಿನ ಮೇಲೆ ಹೊಸ ಇಂಜಿನ್ ಕೂರಿಸಿದರೆ ನಡುಕ ಹೋಗುವುದಿಲ್ಲ.

ಇಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಎರಡನೆಯ ಗುಂಪು. ಚೆನ್ನಾಗಿ ತಿರುಗುತ್ತಿದ್ದರೆ ಹಾಗೇ ಇರಲಿ. ನಾನು ಮುಂದಕ್ಕೆ ಹಾಕುವುದು ಎಂದದ್ದು ಇದನ್ನೇ. ಆಲ್ಟರ್ನೇಟರ್ ಸ್ವಲ್ಪ ಬೇರೆ. ಅನೇಕ ಡೀಸೆಲ್ ಗಾಡಿಗಳಲ್ಲಿ ಅದರ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಅಂಟಿಕೊಂಡಿರುತ್ತದೆ. ಬ್ರೇಕ್ ಬೂಸ್ಟರಿಗೆ ಬಲ ಕೊಡುವುದು ಆ ಪಂಪ್, ಅದಕ್ಕೆ ಇಂಜಿನ್ ಆಯಿಲ್ ಸಣ್ಣ ಹೋಸಿನಲ್ಲಿ ಹೋಗುತ್ತದೆ. ಆ ಹೋಸ್ ಒಡೆದರೆ ಆಯಿಲೂ ಹೋಯಿತು, ಬ್ರೇಕೂ ಕಲ್ಲಿನ ಹಾಗೆ ಆಯಿತು. ಹೋಸ್ ಹೊಸದು ಹಾಕಿಸಿ, ಪಂಪ್ ಎಳೆಯುತ್ತದೆಯೇ ಎಂದು ನೋಡಿಸಿ. ಹೊಸ ಆಲ್ಟರ್ನೇಟರ್ ಬೇಡ.

ಟರ್ಬೊ ಹೊಸದು ಬೇಕೋ ಬೇಡವೋ ಎಂದು ಕಾಗದದಲ್ಲಿ ಹೇಳಲಾಗದು. ಅದರ ಚಕ್ರವನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆದು ನೋಡಬೇಕು. ಹಿಂದೆ ಮುಂದೆ ಆಟ ಇರಲೇಬಾರದು ಎಂದೇ ಹೇಳಬಹುದು. ಅಡ್ಡಕ್ಕೆ ಕೂದಲೆಳೆ ಆಟ ಇರುತ್ತದೆ, ಆದರೆ ರೆಕ್ಕೆ ಗೋಡೆಗೆ ತಾಗಬಾರದು. ಚೆನ್ನಾಗಿದ್ದರೆ ಹಳೆಯದೇ ಸಾಕು. ಅದಕ್ಕೆ ಆಯಿಲ್ ತರುವ ಸಪೂರ ಪೈಪ್ ಮಾತ್ರ ಹೊಸದು ಬೇಕು, ಒಳಗೆ ಕರಿ ಕಟ್ಟಿರುತ್ತದೆ. ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ಇದ್ದರೆ ಬಿಚ್ಚಿ ಬಗ್ಗಿಸಿ ನೋಡಿ. ಹಳೆಯ ಆಯಿಲ್ ಸುರಿದರೆ ಆಶ್ಚರ್ಯ ಪಡಬೇಡಿ. ಅದನ್ನು ತೊಳೆಯದೆ ಹೊಸ ಇಂಜಿನ್ನಿಗೆ ಜೋಡಿಸುವುದು ಅಪಾಯ. ಡೀಸೆಲ್ ಇಂಜಿನ್ನಿಗೆ ಆ ಆಯಿಲೂ ಇಂಧನವೇ. ಒಮ್ಮೆಲೇ ಒಳಗೆ ಎಳೆದರೆ ಕೀ ತಿರುಗಿಸಿದರೂ ನಿಲ್ಲದೆ ಕೂಗುತ್ತಾ ಓಡುತ್ತದೆ. ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ನಿಲ್ಲಿಸಿದೆವು. ಬೇರಿಂಗ್ ಹಾಳಾಗಿ ಲೋಹದ ಹುಡಿ ಆಯಿಲಿಗೆ ಸೇರಿದ್ದರೆ ಆಯಿಲ್ ಕೂಲರನ್ನೂ ಬಿಡಬೇಡಿ, ಹುಡಿ ಅಲ್ಲೇ ಅಡಗಿ ಕೂತು ಹೊಸ ಬೇರಿಂಗಿಗೆ ಬರುತ್ತದೆ.

ನಾಜಲ್ ನಾಲ್ಕನ್ನೂ ಡೀಸೆಲ್ ಪಂಪಿನ ಕೆಲಸ ಮಾಡುವಲ್ಲಿಗೆ ಕೊಟ್ಟು ಟೆಸ್ಟ್ ಮಾಡಿಸಿ. ಕೆಟ್ಟದ್ದು ಮಾತ್ರ ಬದಲಿಸಿ. ಮಂಗಳೂರಿಗೆ ಒಂದು ಸಲ ಹೋಗಿ ಬರುವ ಕೆಲಸ, ಆದರೂ ಮಾಡಿಸಲೇಬೇಕು. ಪಂಪನ್ನು ಮಾತ್ರ ಸುಮ್ನೆ ಬಿಚ್ಚಬೇಡಿ. ಪಂಪ್ ಮೇಲೆ ಸಂಶಯ ಹುಟ್ಟಿಸುವ ಕಪ್ಪು ಹೊಗೆಯ ದೂರು ನೀವು ಹೇಳಿಲ್ಲ.

ನಾನು ಸೇರಿಸುವ ಎರಡನೆಯ ಸಾಮಾನು ಅರ್ತಿಂಗ್ ಪಟ್ಟಿ. ಇಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ. ಮೀನಿನ ಗಾಡಿಯಲ್ಲಿ ಅದು ಹಸಿರಾಗಿ ಹುಡಿಯಾಗಿರುತ್ತದೆ. ಅದು ಇಲ್ಲದಿದ್ದರೆ ಸೆಲ್ಫ್ ಹೊಡೆಯುವ ಕರೆಂಟ್ ಬೇರೆ ದಾರಿ ಹುಡುಕುತ್ತದೆ, ಎಕ್ಸಲರೇಟರ್ ಕೇಬಲ್ ಕೆಂಪಗೆ ಕಾದು ಸುಟ್ಟದ್ದಿದೆ. ಜನ ಆಗ ಸೆಲ್ಫ್ ಹಾಳು ಎಂದು ಹೊಸ ಸೆಲ್ಫ್ ಹಾಕುತ್ತಾರೆ.

ಚಾಸಿ ಪೇಂಟ್ ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ್ದು ಸರಿ, ಆದರೆ ಪೇಂಟ್ ಮಾತ್ರ ಸಾಲದು. ಮೀನಿನ ಪೆಟ್ಟಿಗೆಯಿಂದ ಮಂಜುಗಡ್ಡೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಸುರಿದ ಗಾಡಿ ಅದು. ನಿಮ್ಮ ಕೈಗೆ ಬಂದ ಮೇಲೆ ಅಡಿಕೆಗೆ ಸುಣ್ಣ ಬೆರೆಸಿ ಬಿಡುವ ಮದ್ದಿನ ಮೈಲುತುತ್ತು ಸೇರಿದೆ. ಮದ್ದು ಕಲಸಿದ ಮೇಲೆ ಕತ್ತಿ ಅದ್ದಿ ನೋಡುತ್ತೀರಲ್ಲ, ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದು? ಆ ಕೆಂಪು ಎಂದರೆ ತಾಮ್ರ ಕಬ್ಬಿಣದ ಮೇಲೆ ಕೂತು, ಅಷ್ಟು ಕಬ್ಬಿಣ ಕರಗಿದೆ ಎಂದರ್ಥ. ಹಿಂದಿನ ಡಬ್ಬದಲ್ಲಿ ಅಂಥ ಮದ್ದಿನ ಬ್ಯಾರಲ್ ಮಗುಚಿದಾಗಲೆಲ್ಲ ನಿಮ್ಮ ಚಾಸಿಗೆ ಅದೇ ಆಗುತ್ತಿದೆ. ಇಂಜಿನ್ ಇಲ್ಲದ ಈಗ ಮುಂದಿನ ಕ್ರಾಸ್ ಮೆಂಬರ್, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಬ್ರೇಕ್ ಪೈಪ್ ಎಲ್ಲ ಬೆತ್ತಲೆ ಕಾಣುತ್ತವೆ. ಒತ್ತಡದ ನೀರಿನಲ್ಲಿ ತೊಳೆಸಿ, ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಎಂದರೆ ಸರಿ, ಬೊದ್ ಎಂದರೆ ಅಲ್ಲಿ ತಗಡು ಹಾಳೆಯಾಗಿದೆ. ತುಕ್ಕು ಹಿಡಿದ ಬ್ರೇಕ್ ಪೈಪಿಗೆ ಪೇಂಟ್ ಬಳಿಯುವುದು ಬೇಡ, ಬದಲಿಸಿ. ಎಂಟು ವರ್ಷ ದಾಟಿದ ಸಾಗಾಟದ ಗಾಡಿಗೆ ವರ್ಷವರ್ಷ ಫಿಟ್‌ನೆಸ್ ಇದೆಯಲ್ಲ, ಅಲ್ಲಿ ಹೇಗೂ ಅದು ಸಿಕ್ಕಿಬೀಳುತ್ತದೆ. ಈ ಸುತ್ತಿಗೆ ಪರೀಕ್ಷೆ ಮಾತ್ರ ಲೇತಿಗೆ ಕೊಡುವ ಮೊದಲೇ ಆಗಲಿ. ಚಾಸಿಯೇ ತುಕ್ಕು ತಿಂದು ಕುಂಬಾಗಿದ್ದರೆ ಇಂಜಿನ್ನಿಗೆ ಒಂದು ರೂಪಾಯಿ ಹಾಕುವ ಮೊದಲು ಮಾರುವ ಯೋಚನೆ ಮಾಡಿ. ಮುಲಾಜಿಲ್ಲದೆ ಹೇಳುತ್ತೇನೆ.

ಗುಜರಿಯಿಂದ ಸೆಕೆಂಡ್ ಹ್ಯಾಂಡ್ ಇಂಜಿನ್ ತಂದು ಹಾಕುವ ಸಲಹೆಯೂ ಯಾರಾದರೂ ಕೊಟ್ಟೇ ಕೊಡುತ್ತಾರೆ. ಖರ್ಚು ಕಡಿಮೆ, ಎರಡು ದಿನದ ಕೆಲಸ, ನಿಜ. ಅದರ ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಇಂಜಿನ್ ನಂಬರ್ ಬೇರೆಯಾದ ಮೇಲೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು, ಆ ಇಂಜಿನ್ನಿನ ಬಿಲ್, ದಾಖಲೆ ಬೇಕು. ನಿಮ್ಮ ಬ್ಲಾಕ್ ಚೆನ್ನಾಗಿರುವಾಗ ಆ ರಗಳೆ ಬೇಡ ಮಾರಾಯ್ರೆ.

ಕಟ್ಟಿ ಮುಗಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ನೀವೂ ಅಲ್ಲಿರಿ. ಡೀಸೆಲ್ ಬಂದ್ ಮಾಡಿ, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಮಾತ್ರ ಹೊಡೆಯಬೇಕು, ಮಧ್ಯೆ ಮಧ್ಯೆ ಅದಕ್ಕೂ ವಿಶ್ರಾಂತಿ ಕೊಟ್ಟು. ಆಮೇಲೆ ಡೀಸೆಲ್. ಕೆಲವರು ಹೊಸ ಇಂಜಿನ್ ಎಂದು ಇಡೀ ದಿನ ನಿಲ್ಲಿಸಿದಲ್ಲೇ ಓಡಿಸುತ್ತಾರೆ. ಅದು ಪ್ರೀತಿ ಅಲ್ಲ, ಹಾನಿ. ಭಾರವಿಲ್ಲದೆ ಓಡಿದರೆ ರಿಂಗ್ ಗೋಡೆಗೆ ಒತ್ತಿ ಕೂರುವುದಿಲ್ಲ, ಗೋಡೆ ಗಾಜಿನ ಹಾಗೆ ನಯವಾಗಿ ಆಯಿಲ್ ಕುಡಿಯುವುದು ಮುಂದುವರಿಯುತ್ತದೆ. ಬದಿಯಡ್ಕದಿಂದ ನೀರ್ಚಾಲು, ಸೀತಾಂಗೋಳಿಯಾಗಿ ಕುಂಬಳೆಗೆ ಹೋಗುವ ದಾರಿ ಇದಕ್ಕೆ ಚೆನ್ನ. ಏರು ತಗ್ಗು ಇದೆ, ಒಂದೇ ವೇಗದಲ್ಲಿ ಹೋಗಲು ಆಗುವುದೇ ಇಲ್ಲ. ಅರ್ಧ ಲೋಡಿಗಿಂತ ಜಾಸ್ತಿ ಬೇಡ, ಟಾಪ್ ಗೇರಿನಲ್ಲಿ ಗೊರಗೊರ ಎನ್ನಿಸಿ ಏರು ಹತ್ತಿಸುವುದೂ ಬೇಡ. 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಹಳೆಯ ಆಯಿಲಿನಲ್ಲಿ ಸ್ವಲ್ಪ ಬೆಳ್ಳಿಮಿಂಚು ಕಂಡರೆ ಹೆದರಬೇಡಿ, ಅದು ರಿಂಗ್ ಕೂರುವಾಗಿನದು. 1000ಕ್ಕೆ ಬೋಲ್ಟ್, ಕ್ಲಿಪ್, ಸೋರಿಕೆ ನೋಡಿಸಿ. ಅಷ್ಟರವರೆಗೆ ತುಂಬಿದ ಮದ್ದಿನ ಬ್ಯಾರಲ್ ಬಾವನ ಗಾಡಿಯಲ್ಲಿ ಬರಲಿ.